ಬಾಮು ಹಚ್ಚದ ಕೈ

ಚಿಲಕ ತಣ್ಣಗಿದೆ, ತೋರುಬೆರಳಿನ ಗೆಣ್ಣಿಗೆ ತಾಗಿದ ಕೂಡಲೇ ಮೊಣಕೈವರೆಗೂ ಜುಂ ಅಂತು, ಅಂದರೆ ಇವತ್ತು ಬಲಗೈಯ ಸರದಿ, ನಿನ್ನೆ ಎಡಗೈಯದ್ದಾಗಿತ್ತು, ಎರಡೂ ಸೇರಿ ಪಾಳಿ ಹಾಕಿಕೊಂಡಿವೆಯೋ ಏನೋ, ಇರಲಿ, ಅಂಗೈಯ ಬುಡದಿಂದ ತಳ್ಳಿದರೆ ಚಿಲಕ ಸರಿಯುತ್ತದೆ, ಸರಿಯಿತು, ರೇಷ್ಮೆಹುಳದ ಮನೆಯ ಬಾಗಿಲನ್ನು ಭುಜದಿಂದ ನೂಕಬೇಕು, ಮೊಣಕಾಲಿನಿಂದ ಬೇಡ, ಮೊಣಕಾಲು ಆಮೇಲೆ ಬೇಕಾಗುತ್ತದೆ — ಹಸಿ ಸೊಪ್ಪಿನ ವಾಸನೆ, ಸುಣ್ಣದ ವಾಸನೆ, ಎರಡನ್ನೂ ಎಳೆದುಕೊಂಡು ನಿಂತೆ, ಏನೋ ಕಡಿಮೆ ಇದೆ, ಏನು ಅಂತ ಗೊತ್ತಾಗಲು ಸ್ವಲ್ಪ ಹೊತ್ತು ಹಿಡಿಯಿತು, ಸದ್ದು ಕಡಿಮೆ ಇದೆ. ನಿನ್ನೆ ಸಂಜೆ ಸೊಪ್ಪು ಹಾಕಿದಾಗ ಇಡೀ ಮನೆ ಕರಕರ ಅನ್ನುತ್ತಿತ್ತು, ಇವತ್ತು ಅಲ್ಲೊಂದು ಬಾಯಿ ಇಲ್ಲೊಂದು ಬಾಯಿ, ಸೊಪ್ಪು ಹಾಗೇ ಉಳಿದಿದೆ, ಹೋದ ಬೆಳೆಯಲ್ಲೂ ಹೀಗೇ ಬಾಗಿಲು ತೆಗೆದಾಗ ಸದ್ದಿರಲಿಲ್ಲ — ಬಗ್ಗಿದೆ, ಸೊಂಟ ಬೇಡ ಅಂತು, ಆದರೂ ಬಗ್ಗಿದೆ, ಇಲ್ಲ, ರೋಗವಲ್ಲ, ಹುಳ ಜೇನಿನ ಬಣ್ಣಕ್ಕೆ ತಿರುಗಿದೆ, ಕಿಟಕಿಯ ಬೆಳಕು ಮೈಯೊಳಗೆ ಹಾದು ಹೋಗುತ್ತಿದೆ, ಒಂದು ಹುಳ ಸೊಪ್ಪಿನ ಮೇಲಿಂದ ಅರ್ಧ ಮೈ ಎತ್ತಿ, ತಲೆಯನ್ನು ಆ ಕಡೆ ಈ ಕಡೆ ಆಡಿಸುತ್ತ, ಹಿಡಿದುಕೊಳ್ಳಲು ಏನಾದರೂ ಸಿಗುತ್ತದೆಯೇ ಅಂತ ಗಾಳಿಯಲ್ಲಿ ಹುಡುಕುತ್ತಿದೆ. ಹಣ್ಣಾಗಿವೆ. ಗೂಡು ಕಟ್ಟುವುದು ನಾಳೆಗೆ ಅಂದುಕೊಂಡಿದ್ದೆವು, ಸೆಖೆಗೆ ಒಂದು ದಿನ ಮೊದಲೇ ಹಣ್ಣಾಗಿವೆ, ಮನೆಯಲ್ಲಿ ಗಂಡ ಮಹದೇವು ಇಲ್ಲ.

ಅವನು ಚಿಕ್ಕರಸಿನಕೆರೆಗೆ ಹೋಗಿದ್ದಾನೆ, ಚಂದ್ರಿಕೆ ತರಲು, ನಮ್ಮ ಬೆಳಕವಾಡಿ ಕಡೆ ಎಲ್ಲರಿಗೂ ಒಟ್ಟಿಗೇ ಬೆಳೆ ಬಂದು ಯಾರ ಹತ್ತಿರವೂ ಬಿಡುವಾದ ಚಂದ್ರಿಕೆ ಇಲ್ಲ, ಹಣ್ಣಾದ ಹುಳವನ್ನು ಆಯ್ದು ಆ ಬಿದಿರಿನ ತಟ್ಟೆಗೆ ಬಿಡದೆ ಹೋದರೆ ಅದು ಕಸದಲ್ಲೇ ಗೂಡು ಕಟ್ಟುತ್ತದೆ, ಹಿಕ್ಕೆ ಮೆತ್ತಿದ ಗೂಡನ್ನು ಯಾರು ಕೇಳುತ್ತಾರೆ. ಗೋಡೆಗೆ ಒರಗಿಸಿದ ನಮ್ಮವೇ ಹಳೆಯವು ಕೆಲವಿವೆ, ಶುರು ಮಾಡಲು ಸಾಕು. ಮಧ್ಯಾಹ್ನ ಬರುತ್ತಾನೆ, ಬರುವಾಗ ಸಿದ್ದರಾಮುವನ್ನೂ ಕರೆತರುತ್ತಾನೆ, ಜೆಸಿಬಿ ಇಟ್ಟಿರುವ ಸಿದ್ದರಾಮು, ಹಿಪ್ಪುನೇರಳೆ ತೋಟ ತೋರಿಸಬೇಕಂತೆ, ಈ ಬೆಳೆ ಇಳಿದ ಮೇಲೆ ಬುಡಸಮೇತ ಕಿತ್ತು ತೆಂಗು ಹಾಕುವುದಂತೆ. ಮಹದೇವು ನನ್ನ ಹೆಸರು ಹಿಡಿದು, ಇದೇ ಕೊನೇದು ಕಣಮ್ಮಿ ಸಸಿ, ನಿನ್ ಕೈಯ ನೋಡಕಾಗಕಿಲ್ಲ ನಂಗೆ, ಉಳ ಬ್ಯಾಡ, ನೀನಿದ್ರೆ ಸಾಕು, ಅಂದ, ಒಳ್ಳೆಯ ಮಾತೇ, ಹೆಂಗಸರು ಕೇಳಿದರೆ ಇಂಥ ಗಂಡ ಯಾರಿಗುಂಟು ಅಂತಾರೆ, ನನಗೆ ಮೈಯೆಲ್ಲ ಉರಿದು ಹೋಯಿತು. ಈ ಬೆಳೆ ಹುಳವ ನಾನೇ ಆಯ್ದು ಚಂದ್ರಿಕೆಗೆ ಬಿಟ್ರೆ ಏನಂತೀಯ, ಅಂದೆ. ಅವನು ನನ್ನ ಕೈ ನೋಡಿದ, ನನ್ನ ಮುಖ ನೋಡಲಿಲ್ಲ, ಬುಟ್ರೆ ತೋಟ ಕೀಳ್ಸಕಿಲ್ಲ ಬುಡು, ಅಂದ, ಆಗದ ಮಾತಿಗೆ ಒಪ್ಪಿಕೊಳ್ಳುವುದು ಸುಲಭ ಅಂತ ಒಪ್ಪಿಕೊಂಡ. ತೋಟ ಹೋದರೆ ನನಗೆ ಉಳಿಯುವುದು ಜಗಲಿಯ ಮೇಲಿನ ಪ್ಲಾಸ್ಟಿಕ್ ಕುರ್ಚಿ, ಹೋಗಿ ಬರುವವರು ಹೆಂಗೈತಮ್ಮಿ ನೋವು ಅನ್ನುವುದು, ನಾನು ಪರವಾಗಿಲ್ಲ ಅನ್ನುವುದು, ಆ ಕುರ್ಚಿಯಲ್ಲಿ ಕೂತರೂ ನೋಯುತ್ತದೆ ಅನ್ನುವುದು ಮಾತ್ರ ಯಾರ ತಲೆಗೂ ಹೋಗುವುದಿಲ್ಲ. ಕೂತರೂ ನೋಯುತ್ತದೆ, ನಿಂತರೂ ನೋಯುತ್ತದೆ, ಹಾಗಿದ್ದ ಮೇಲೆ ನಿಂತೇ ನೋಯಲಿ.

ಅತ್ತೆ, ನೀರು ಕಾದಿದ್ದರೆ ತನ್ನಿ, ಅಂತ ಕೂಗಿದೆ, ಅತ್ತೆ ಬೆಳ್ಳಮ್ಮ ಬೋಗುಣಿಯಲ್ಲಿ ಬಿಸಿನೀರು ತಂದು ಹೊಸ್ತಿಲ ಹೊರಗೇ ಇಟ್ಟರು, ಅವರು ಎಲೆ ಅಡಿಕೆಗೆ ಹೊಗೆಸೊಪ್ಪು ಹಾಕುತ್ತಾರೆ, ಆ ವಾಸನೆ ಹುಳಕ್ಕೆ ಆಗದು ಅಂತ ಒಳಗೆ ಬರುವುದಿಲ್ಲ, ಅವರ ಕಾಲದಲ್ಲಿ ಬೇರೆಯವರ ಹುಳದ ಮನೆಗಳಲ್ಲಿ ಅವರು ಹೊಗೆಸೊಪ್ಪು ಹಾಕದಿದ್ದರೂ ಹೊಸ್ತಿಲ ಹೊರಗೇ ಕೂತು ಸೊಪ್ಪು ಕೊಚ್ಚಬೇಕಿತ್ತು, ಅದು ಬೇರೆ ಕಥೆ, ಆ ಕಥೆ ನೆನೆದೇ ಅಲ್ಲವೇ ಮಾವ ತೋಟದ ಈ ತುಂಡು ನೆಲ ಕೈಗೆ ಬಂದ ದಿನ ಇಲ್ಲಿ ಹಿಪ್ಪುನೇರಳೆ ಹಾಕೋಣ ಅಂದದ್ದು, ಕಡ್ಡಿ ನೆಟ್ಟದ್ದು ನಾನು, ಮದುವೆಯಾಗಿ ಬಂದ ಹೊಸದರಲ್ಲಿ, ಆಗ ಈ ಕೈ ಒಂದು ದಿನಕ್ಕೆ ಎಷ್ಟು ಕಡ್ಡಿ ನೆಡುತ್ತಿತ್ತೆಂದರೆ — ಬಿಸಿ, ಹಾ, ಬಿಸಿ, ಬೆರಳುಗಳು ನೀರಿನಲ್ಲಿ ಒಂದೊಂದಾಗಿ ನೆನಪಿಗೆ ಬರುತ್ತಿವೆ, ಕಿರುಬೆರಳು ಬಂತು, ಉಂಗುರದ ಬೆರಳು ಬಂತು, ಉಂಗುರ ತೆಗೆದು ಎಷ್ಟೋ ಕಾಲವಾಯಿತು, ಗೆಣ್ಣು ಊದಿ ಸೋಪು ಹಚ್ಚಿ ಎಳೆದರೂ ಬಾರದೆ ಅಕ್ಕಸಾಲಿ ಕತ್ತರಿಸಿದ. ಚಿಕುನ್‌ಗುನ್ಯ ಬಂದ ವರ್ಷ ಇಡೀ ಬೀದಿಯೇ ಬಗ್ಗಿ ನಡೆಯುತ್ತಿತ್ತು, ನಗುತ್ತಿದ್ದೆವು, ಒಬ್ಬರನ್ನು ನೋಡಿ ಒಬ್ಬರು, ನೀರು ಹಿಡಿಯಲು ಬಂದವರೆಲ್ಲ ಕೊಡ ಎತ್ತಲಾಗದೆ ನಲ್ಲಿಯ ಸುತ್ತ ಕೂತು ಹರಟೆ ಹೊಡೆದೆವು, ಆಮೇಲೆ ಒಬ್ಬೊಬ್ಬರಾಗಿ ನೆಟ್ಟಗಾದರು, ನಾನು ಆಗಲಿಲ್ಲ, ಮೊದಮೊದಲು ನಿಂದು ಇನ್ನೂ ಓಗಿಲ್ವ ಅಂದರು, ಆಮೇಲೆ ನೋಡಕ್ಕೆ ಚೆನ್ನಾಗೇ ಇದ್ದೀಯಲ್ಲಮ್ಮಿ ಅಂದರು, ಕೊನೆಗೆ ಕೇಳುವುದನ್ನು ಬಿಟ್ಟರು. ಸೂಜಿ ಡಾಕ್ಟರ ಹತ್ತಿರ ಹೋದೆ, ಒಂದು ಸೂಜಿ ಹಾಕಿಸಿಕೊಂಡರೆ ಆ ವಾರ ನಾನು ಹುಡುಗಿ, ಓಡಾಡಿದ್ದೇ ಓಡಾಡಿದ್ದು, ಮುಖ ದುಂಡಗಾಯಿತು, ಏನಮ್ಮಿ ಗಂಡ ಚೆನ್ನಾಗಿ ನೋಡ್ಕತ್ತಾವ್ನೆ ಅಂದರು, ಮುಖ ಊದಿದ್ದು ಸೂಜಿಗೆ ಅಂತ ಯಾರಿಗೆ ಗೊತ್ತು. ಮದ್ದೂರಿನ ಆಚೆ ಒಬ್ಬ ಎಣ್ಣೆಯವನು, ಬದನೆಕಾಯಿ ಬಿಡು, ಹುಣಸೆಹಣ್ಣು ಬಿಡು, ಹುರುಳಿ ಬಿಡು, ಅವನು ಹೇಳಿದ್ದನ್ನೆಲ್ಲ ಬಿಟ್ಟೆ, ನೋವು ನನ್ನನ್ನು ಬಿಡಲಿಲ್ಲ, ಎಕ್ಕದ ಎಲೆ ಬಿಸಿ ಮಾಡಿ ಕಟ್ಟಿದರು, ಲಕ್ಕಿಸೊಪ್ಪಿನ ಹಬೆ ಹಿಡಿದರು, ಅತ್ತೆ ಮುತ್ತತ್ತಿಗೆ ಹರಕೆ ಹೊತ್ತು ಕರೆದುಕೊಂಡು ಹೋದರು, ಕಾವೇರಿಯ ನೀರಲ್ಲಿ ಕುತ್ತಿಗೆವರೆಗೂ ಕೂತಾಗ ನಿಜಕ್ಕೂ ಹಗುರಾಯಿತು, ಏಳಲು ಮನಸ್ಸಾಗಲಿಲ್ಲ, ಎದ್ದು ಬರುವಷ್ಟರಲ್ಲಿ ಕೋತಿ ಬಾಳೆಹಣ್ಣನ್ನೂ ತಿಂದು ನನ್ನ ಮಾತ್ರೆಯ ಚೀಟಿಯನ್ನೂ ಹರಿದಿತ್ತು, ಅತ್ತೆ ಕೈಮುಗಿದು, ಸ್ವಾಮಿನೇ ಬ್ಯಾಡ ಅಂತಾವ್ನೆ ಕಣಮ್ಮಿ ಆ ಮಾತ್ರೆಯ, ಅಂದರು. ಬಸ್ಸಿನಲ್ಲಿ ಮಳವಳ್ಳಿವರೆಗೂ ನಕ್ಕೆವು, ನಕ್ಕರೆ ಪಕ್ಕೆಲುಬಿನ ಸಂದು ನೋಯುತ್ತದೆ, ಆದರೂ ನಕ್ಕೆ.

ಮಂಡ್ಯದ ಡಾಕ್ಟರು ನಗಲಿಲ್ಲ, ರಕ್ತ ತೆಗೆಸಿ, ಕೈಯ ಫೋಟೋ ತೆಗೆಸಿ, ಸೂಜಿಯ ವಿಷಯ ಕೇಳಿ ಬೈದು, ನಿಮ್ಮ ಚಿಕುನ್‌ಗುನ್ಯ ಯಾವತ್ತೋ ಹೋಗಿದೆ, ಇದು ಬೇರೆ, ಸಂಧಿವಾತ, ಇದು ಹೋಗೋದಲ್ಲ, ಹತೋಟಿಯಲ್ಲಿ ಇಟ್ಕೋಬಹುದು, ಇಟ್ಕೊಂಡೇ ಬದುಕೋದು ಕಲೀಬೇಕು, ಅಂದರು, ಅಷ್ಟು ವರ್ಷಗಳಲ್ಲಿ ಯಾರೂ ಹೇಳದ ಮಾತು, ಎಲ್ಲರೂ ವಾಸಿ ಮಾಡುತ್ತೇನೆ ಅಂದವರೇ, ಈಯಮ್ಮ ಒಬ್ಬರೇ ವಾಸಿಯಾಗಲ್ಲ ಅಂದದ್ದು, ಅಳು ಬರಬೇಕಿತ್ತು, ಬರಲಿಲ್ಲ, ಬೆನ್ನ ಮೇಲಿಂದ ಏನೋ ಇಳಿದ ಹಾಗಾಯಿತು. ಆಮೇಲೆ ಕೇಳಿದರು, ನೋವು ಎಷ್ಟಿದೆ, ಸೊನ್ನೆಯಿಂದ ಹತ್ತರೊಳಗೆ ಹೇಳಿ. ಯಾವುದರ ಹತ್ತು ಮೇಡಂ, ಅಂದೆ. ಹೆರಿಗೆ ನೋವನ್ನ ಹತ್ತು ಅಂದ್ಕೊಳ್ಳಿ. ಹೆರಿಗೆ ನೋವಿನ ಕೊನೆಯಲ್ಲಿ ನನಗೆ ಚಂದನ ಸಿಕ್ಕಳು, ಇದರ ಕೊನೆಯಲ್ಲಿ ಯಾರು ಸಿಗುತ್ತಾರೆ, ಅಂತ ಕೇಳಬೇಕೆನಿಸಿತು, ಕೇಳಲಿಲ್ಲ, ಏಳು ಅಂದೆ, ಬಾಯಿಗೆ ಬಂದದ್ದು. ನನ್ನ ಲೆಕ್ಕವೇ ಬೇರೆ, ಸೀರೆಯ ನೆರಿಗೆ ಹಿಡಿಯಬಹುದಾದ ದಿನ ಒಳ್ಳೆಯ ದಿನ, ಮುದ್ದೆ ಕಟ್ಟಬಹುದಾದ ದಿನ ನಡುವಿನ ದಿನ, ಸೇಫ್ಟಿಪಿನ್ನು ಹಾಕಿಕೊಡಲು ಮಗಳನ್ನು ಕರೆಯಬೇಕಾದ ದಿನ ಕೆಟ್ಟ ದಿನ, ಅವಳು ಕಾಲೇಜಿಗೆ ಮಳವಳ್ಳಿಯ ಬಸ್ಸು ಹತ್ತಿದ ಮೇಲೆ ಪಿನ್ನು ಬಿಚ್ಚಿಕೊಂಡರೆ ಅವತ್ತು ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡೇ ಇರುವುದು. ವಾರಕ್ಕೊಂದು ಮಾತ್ರೆ, ಭಾನುವಾರ, ದಿನಾ ತಗೊಂಡ್ರೆ ಪ್ರಾಣಕ್ಕೆ ಅಪಾಯ, ಅಂತ ಬಿಡಿಸಿ ಹೇಳಿ ಕಳಿಸಿದರು, ಸೋಮವಾರವೆಲ್ಲ ಬಾಯಿ ಹುಣ್ಣು, ಹೊಟ್ಟೆ ತೊಳಸು, ಆದರೆ ಬುಧವಾರದ ಹೊತ್ತಿಗೆ ಮುಷ್ಟಿ ಅರ್ಧ ಮುಚ್ಚುತ್ತದೆ, ಅರ್ಧ ಸಾಕು. ನೋವಿನ ಮಾತ್ರೆ ಮಾತ್ರ ತೀರಾ ಆಗದ ದಿನಕ್ಕೆ, ಜಾಸ್ತಿ ನುಂಗಿದರೆ ಕಿಡ್ನಿಗೆ ಹೊಡೆಯುತ್ತದೆ. ಕೆಲಸ ಬಿಡಬೇಕಾ ಮೇಡಂ, ಅಂತ ಹೊರಡುವಾಗ ಬಾಗಿಲಲ್ಲಿ ತಿರುಗಿ ಕೇಳಿದೆ, ಊತ ಬಂದಾಗ ಬಿಡುವು ಕೊಡಿ, ಮಿಕ್ಕ ದಿನ ಕೈ ಆಡಿಸ್ತಾನೇ ಇರಿ, ಅಂದರು, ಮಹದೇವು ಪಕ್ಕದಲ್ಲೇ ಇದ್ದ, ಬಿಡುವು ಕೊಡಿ ಅನ್ನುವಷ್ಟು ಮಾತ್ರ ಅವನ ಕಿವಿಗೆ ಬಿತ್ತು.

ನೀರು ಆರಿತು. ಕೈ ಒರೆಸಿಕೊಳ್ಳಲು ಹೊಸ ಬಟ್ಟೆ ಬೇಡ, ಸೋಪಿನ ವಾಸನೆ ಇರುತ್ತದೆ, ಗಾಳಿಗೆ ಆರಲಿ, ಈ ಮನೆಯೊಳಗೆ ಸೋಪಿಲ್ಲ, ಊದುಬತ್ತಿ ಇಲ್ಲ, ಹೂವಿಲ್ಲ, ಎಣ್ಣೆ ಇಲ್ಲ, ಬಾಮು ಇಲ್ಲ, ಹುಳಕ್ಕೆ ವಾಸನೆ ಆಗದು ಅಂತ ನಾವು ಹುಟ್ಟಿದಾಗಿನಿಂದ ಕೇಳಿಕೊಂಡು ಬಂದದ್ದು, ಹುಳ ಮೇಯುವಷ್ಟು ದಿನವೂ ನನ್ನ ಕೈಗೆ ಬಿಸಿನೀರು ಬಿಟ್ಟರೆ ಬೇರೆ ಮದ್ದಿಲ್ಲ, ಅದು ನಾನು ಒಪ್ಪಿಕೊಂಡದ್ದು, ಯಾರೂ ಹೇರಿದ್ದಲ್ಲ. ಹುಳಕ್ಕೂ ಜ್ವರ ಬರುತ್ತದೆ, ಮೊದಲನೇ ಜ್ವರ ಎರಡನೇ ಜ್ವರ ಅಂತ, ಮೇವು ಬಿಟ್ಟು ಕೂತು ಚರ್ಮ ಕಳಚಿ ಏಳುತ್ತದೆ, ನಾಲ್ಕು ಜ್ವರ ಎದ್ದರೆ ಮುಗಿಯಿತು, ಆಮೇಲೆ ಗೂಡೇ, ಹೊಟ್ಟೆಕಿಚ್ಚಾಗುತ್ತದೆ ನನಗೆ, ಅಲ್ಲಲೇ, ನಿಮಗಾದರೆ ನಾಲ್ಕೇ, ಅಂತ ಒಬ್ಬಳೇ ಇದ್ದಾಗ ಬೈಯುತ್ತೇನೆ. ಹೋದ ಬೆಳೆಯಲ್ಲಿ ನಾಲ್ಕನೇ ಜ್ವರ ಎದ್ದಿದ್ದವು, ಮಧ್ಯಾಹ್ನ ಜಗಲಿಯ ಮೇಲೆ ಹಾಗೇ ಕಣ್ಣು ಹತ್ತಿತು ನನಗೆ, ನಿದ್ದೆಯಲ್ಲಿ ನರಳಿದೆನಂತೆ, ಮಹದೇವು ನೋಡಲಾರದೆ ಬಾಮಿನ ಡಬ್ಬಿ ತೆಗೆದು ಎರಡೂ ಕೈಗೆ ತಿಕ್ಕಿದ, ಎದ್ದಾಗ ಕೈ ಹಗುರ, ಎಷ್ಟು ದಿನಕ್ಕೆ ಹಗುರ, ಆ ಖುಷಿಯಲ್ಲಿ ಮೂಗಿಗೆ ಏನೂ ಬಡಿಯಲಿಲ್ಲವೋ, ಬಡಿದರೂ ಕನಸು ಅಂದುಕೊಂಡೆನೋ, ನೇರ ಬಂದು ಸೊಪ್ಪು ಹಾಕಿದೆ. ಮಾರನೇ ದಿನದ ಹೊತ್ತಿಗೆ ಹುಳ ಮೇವು ಬಿಟ್ಟವು, ಊದಿದವು, ಮುಟ್ಟಿದರೆ ಹಾಲಿನಂಥ ನೀರು ಒಡೆಯಿತು, ತಟ್ಟೆಗಟ್ಟಲೆ ತೆಗೆದು ಗುಂಡಿಗೆ ಹಾಕಿ ಸುಣ್ಣ ಸುರಿದೆವು, ಗುಂಡಿ ತೋಡಿದವನು ಅವನೇ, ತೋಡುತ್ತಾ ತೋಡುತ್ತಾ ನಿಂತು, ನಾನೇ ಕಣಮ್ಮಿ ಸಾಯ್ಸಿದ್ದು, ಅಂದ, ಗಂಡಸು ಮಣ್ಣಲ್ಲಿ ಕೂತು ಅತ್ತ. ರೇಷ್ಮೆ ಇಲಾಖೆಯವರು ಬಂದು ನೋಡಿ, ಇದು ಹಾಲುತೊಂಡೆ ರೋಗ, ಬಾಮಿಗೆ ಇಷ್ಟು ಹುಳ ಹಿಂಗೆ ಸಾಯಲ್ಲ, ಅಂದರು, ನಾನು ನಂಬಿದೆ, ಅವನು ನಂಬಲಿಲ್ಲ. ಆವತ್ತಿನಿಂದ ಅವನು ಈ ಹೊಸ್ತಿಲು ದಾಟಿಲ್ಲ, ಸೊಪ್ಪು ಕೊಯ್ದು ತಂದು ಬಾಗಿಲಲ್ಲಿ ಇಳಿಸಿ ಹೋಗುತ್ತಾನೆ, ತೋಟ ಕೀಳಿಸುವ ಮಾತು ಹುಟ್ಟಿದ್ದು ಆ ಗುಂಡಿಯ ಹತ್ತಿರವೇ. ಹುಳ ಇಲ್ಲದಿದ್ದರೆ ದಿನಾ ಬಾಮು ತಿಕ್ಕಬಹುದು ಅಂತ ಅವನ ಆಸೆ, ನಾನು ಅದನ್ನು ಬೇಡ ಅನ್ನುತ್ತೇನೆ ಅಂದರೆ ಅವನನ್ನೇ ಬೇಡ ಅಂದ ಹಾಗೆ ಮುಖ ಮಾಡುತ್ತಾನೆ.

ಶುರು ಮಾಡು ಸಸಿ. ಹೆಬ್ಬೆರಳು, ತೋರುಬೆರಳು, ಮಧ್ಯೆ ಹುಳ, ಮೆಲ್ಲಗೆ, ಹಿಸುಕಬಾರದು, ಹಿಸುಕಿದರೆ ಒಳಗಿನ ನೂಲಿನ ರಸ ಕೆಡುತ್ತದೆ — ಬೆರಳು ಬೆರಳಿಗೆ ಸೇರುತ್ತಿಲ್ಲ, ನಡುವೆ ಒಂದು ಹುಳದಷ್ಟು ಜಾಗ ಉಳಿದೇ ಬಿಡುತ್ತದೆ, ಸರಿಯಾಗಿ ಒಂದು ಹುಳದಷ್ಟು, ಎತ್ತಿದೆ, ಜಾರಿತು, ಮತ್ತೆ ಎತ್ತಿದೆ, ಗೆಣ್ಣಿನೊಳಗೆ ಯಾರೋ ಮುಳ್ಳು ಮುರಿದರು, ಜಾರಿತು. ಎಡಗೈ. ಎಡಗೈಗೆ ಅಭ್ಯಾಸವಿಲ್ಲ, ಒಂದು, ಇನ್ನೊಂದು, ಮೂರನೆಯದು ನೆಲಕ್ಕೆ ಬಿತ್ತು. ಸುತ್ತ ನೋಡಿದೆ, ಒಂದರ ಬದಿಗೆ ಒಂದು ತಲೆ ಎತ್ತುತ್ತಿವೆ, ಹುಡುಕುತ್ತಿವೆ, ನನ್ನ ದಾರಿ ಕಾಯುವುದಿಲ್ಲ ಅವು, ಸಂಜೆಯೊಳಗೆ ಕಸದಲ್ಲೇ ಕಟ್ಟಲು ಕೂರುತ್ತವೆ, ಅವನು ಬಂದು ನೋಡುತ್ತಾನೆ, ಏನೂ ಅನ್ನುವುದಿಲ್ಲ, ಅನ್ನದೆ ಇರುವುದೇ ಕಷ್ಟ. ಹೊರಗಿಂದ ಅತ್ತೆ, ಚಲುವಮ್ಮನ ಕೂಗ್ಲಾ, ಅಂದರು. ಬ್ಯಾಡ ಅಂದೆ. ಪಕ್ಕದ ಮನೆ ಚಲುವಮ್ಮ ನನ್ನ ಮನೆಯ ಹುಳಕ್ಕೆ ಬರುವುದು, ಅವಳ ಮನೆಯ ಹುಳಕ್ಕೆ ನಾನು ಹೋಗುವುದು, ಅದು ಮುಯ್ಯಿ, ಕೂಲಿಯಿಲ್ಲದ ಕೆಲಸ, ಕೈಗೆ ಕೈ, ಅವಳ ಕಳೆದೆರಡು ಬೆಳೆಗೂ ನಾನು ಹೋಗಲಿಲ್ಲ, ಊತ ಇತ್ತು, ಆಮೇಲೆ ಊತ ಇಳಿದ ದಿನವೂ ಹೋಗಲಿಲ್ಲ, ಈ ಕೈ ಅವಳೆದುರು ಜಾರಿದರೆ ಅಂತ ಹೋಗಲಿಲ್ಲ, ಮುಯ್ಯಿ ತೀರಿಸದವಳು ಯಾವ ಮುಖ ಇಟ್ಟುಕೊಂಡು ಕರೆಯುವುದು. ಅತ್ತೆ ಎಲೆ ಅಡಿಕೆ ಉಗಿದ ಸದ್ದು, ಕರುದ್ರೆ ಬತ್ತಾಳೆ ಕಣಮ್ಮಿ, ಕರೀದೆ ಓದ್ರೆ ಅವ್ಳಿಗೆ ಯಂಗ್ ಗೊತ್ತಾದದು, ಅಂದರು. ನಾನೇ ಆಯ್ದರೆ ಅಂತಲ್ಲವೇ ನಾನು ಅವನಿಗೆ ಹೇಳಿದ್ದು, ನಾನೇ ಅಂದರೆ ಒಬ್ಬಳೇ ಅಂತಲೇ, ಈ ಊರಲ್ಲಿ ಯಾವ ಹೆಂಗಸು ಎರಡೂ ಕೈ ನೆಟ್ಟಗಿದ್ದರೂ ಒಬ್ಬಳೇ ಹುಳ ಆಯ್ದಿದ್ದಾಳೆ, ಒಬ್ಬಳೂ ಇಲ್ಲ, ನೋವಿರುವವಳು ಮಾತ್ರ ಎಲ್ಲರಿಗಿಂತ ಹೆಚ್ಚು ಮಾಡಿ ತೋರಿಸಬೇಕು ಅಂತ ನನ್ನ ತಲೆಗೆ ಯಾರು ತುಂಬಿದರು. ಕೂಗಿ ಅತ್ತೆ, ಅಂದೆ, ಕೈ ಹೋದದ್ದಕ್ಕಿಂತ ಇದನ್ನು ಹೇಳುವುದೇ ಹೆಚ್ಚು ನೋಯಿತು.

ಚಲುವಮ್ಮ ಬಂದಳು, ಬಾಗಿಲ ಬಳಿಯ ಬ್ಲೀಚಿಂಗ್ ನೀರಿನಲ್ಲಿ ಕೈಕಾಲು ಅದ್ದಿ, ತಲೆಯ ಹೂವು ಕಿತ್ತು ಹೊರಗೆಸೆದು, ಒಳಗೆ ಬಂದು ನನ್ನ ಕಡೆ ನೋಡದೆಯೇ ಕೂತು ಆಯತೊಡಗಿದಳು, ನಿಂಗೆ ಬಾಯ್ಗೂ ವಾತ ಬಂದಿತ್ತೇನಮ್ಮಿ, ಕರ್ಯಕೆ, ಅಂದಳು. ಮುಯ್ಯಿ ತೀರ್ಸಿಲ್ಲ ಕಣಕ್ಕ, ಅಂದೆ. ಹಣ್ಣುಳ ಯಾವ್ದು, ಇನ್ನೂ ಮೇಯದ್ಯಾವ್ದು ಅಂತ ನಂಗೆ ಈಗೀಗ ಕಣ್ಣು ಮಂಜು, ನಿಂಗೆ ಕಣ್ಣೈತೆ, ಬಂದು ಕೂತ್ಕಂಡು ಹೇಳ್ಬುಟ್ರೆ ಮುಯ್ಯಿ ತೀರಕಿಲ್ವ, ಅಂದಳು, ಅವಳ ಬೆರಳು ನಿಲ್ಲಲೇ ಇಲ್ಲ. ನಾನು ತಿರುಗಿ ಕೂತೆ, ಅಳುವುದು ಕಾಣಬಾರದು ಅಂತ, ಬಲಗೈಯನ್ನು ಸೊಪ್ಪಿನ ಮೇಲೆ ಅಂಗಾತ ಚೆಲ್ಲಿದ್ದೆ, ಸೋತು ಚೆಲ್ಲಿದ್ದು, ಬೆರಳುಗಳು ಅರ್ಧ ಮಡಚಿ ನಿಂತಿದ್ದವು, ಅವು ಹಾಗೇ ನಿಲ್ಲುವುದು ಈಗ, ಹತ್ತಿರದ ಹುಳವೊಂದು ತಲೆಯಾಡಿಸುತ್ತ ಬಂದು ಕಿರುಬೆರಳನ್ನು ಮುಟ್ಟಿ ನೋಡಿತು, ಹತ್ತಿತು. ಅದರ ಹಿಂದೆ ಇನ್ನೊಂದು. ಹಣ್ಣು ಹುಳಕ್ಕೆ ಬೇಕಾದದ್ದು ಹತ್ತಲು ಒಂದು ಕಡ್ಡಿ, ಒಂದು ಸಂದು, ಅದು ಬೆರಳೋ ಬಿದಿರೋ ಅದಕ್ಕೇನು, ಮೇಯುವ ಹುಳ ಹತ್ತುವುದಿಲ್ಲ, ಹಣ್ಣಾದದ್ದು ಮಾತ್ರ ಹತ್ತುತ್ತದೆ, ತಾನಾಗಿ ಆರಿಸಿಕೊಂಡು ಬರುತ್ತದೆ. ಎರಡೂ ಕೈ ಸೊಪ್ಪಿನ ಮೇಲೆ ಇಟ್ಟೆ. ಕೈ ತುಂಬಿದ ಮೇಲೆ ಮೊಣಕೈಯಿಂದ ಎತ್ತಿ ಚಂದ್ರಿಕೆಗೆ ತಾಗಿಸಿ ಹಿಡಿದೆ, ನಿಧಾನ, ಇಳಿದವು, ಒಂದೊಂದೇ ಬಿದಿರಿನ ಸಂದಿಗೆ ಸರಿದು ಕೂತವು. ಚಲುವಮ್ಮ ನೋಡಿ, ಯವ್ವ, ಅಂದಳು, ಅಷ್ಟೇ ಅಂದಳು. ಮತ್ತೆ ಇಟ್ಟೆ, ಮತ್ತೆ ಹತ್ತಿದವು, ಭುಜ ಹರಿಯುತ್ತಿದೆ, ಸೊಂಟ ಯಾವಾಗಲೋ ಮರಗಟ್ಟಿದೆ, ನೋವು ಎಲ್ಲಿಗೂ ಹೋಗಿಲ್ಲ, ಇದ್ದಲ್ಲೇ ಇದೆ, ಇರಲಿ, ಅದೂ ಇಲ್ಲೇ ಕೂತು ಕೆಲಸ ನೋಡಲಿ.

ಟೆಂಪೋ ನಿಂತ ಸದ್ದು, ಚಂದ್ರಿಕೆ ಇಳಿಸುವ ಸದ್ದು, ಮಹದೇವುವಿನ ನೆರಳು ಹೊಸ್ತಿಲಿಗೆ ಬಂದು ಅಲ್ಲೇ ನಿಂತಿತು, ಅವನ ಹಿಂದೆ ಸಿದ್ದರಾಮು. ಏನಮ್ಮಿ ಇದು, ಸಾಕು ಬುಡು, ಕೈಯ ಇಳಿಸು, ಅಂದ ಮಹದೇವು. ಸಿದ್ದರಾಮು ತೋಟದ ಕಡೆ ನೋಡಿ, ಯಾವತ್ತು ತರ್ಲಣ್ಣ ಗಾಡಿಯ, ಅಂದ. ಸಿದ್ದರಾಮಣ್ಣ, ಗಾಡಿ ತರ್ಬ್ಯಾಡ, ನಾನು ಕೀಳ್ಸಕಿಲ್ಲ, ಅಂದೆ. ಯಾರ್ಗೋಸ್ಕರ ಇದ್ನೆಲ್ಲ ಮಾಡ್ತಿದ್ದೀನಿ ಅಂತ ಗೊತ್ತಾ ನಿಂಗೆ, ಅಂದ ಮಹದೇವು. ಗೊತ್ತು, ನಿಂಗೋಸ್ಕರ, ನನ್ ನೋವ ನೋಡಕೆ ನಿನ್ ಕೈಲಾಯ್ತಿಲ್ಲ, ನಂಗಾಯ್ತದೆ, ಅಂದೆ. ಚಲುವಮ್ಮನ ಬೆರಳು ಮೊದಲ ಸಲ ನಿಂತವು. ಅವನು ತಿರುಗಿ ಸಿದ್ದರಾಮುವಿಗೆ, ಓಗಪ್ಪ, ತೋಟ ಕೀಳಕಿಲ್ವಂತೆ, ಅಂದ, ಚಪ್ಪಲಿ ಬಿಟ್ಟ ಸದ್ದು, ನೀರಿನ ಸದ್ದು, ತೊಳೆಯುತ್ತಿದ್ದಾನೆ, ತೊಳೆಯುತ್ತಲೇ ಇದ್ದಾನೆ, ಉಗುರಿನ ಸಂದು, ಮಣಿಕಟ್ಟು, ಮೊಣಕೈ, ಹೊಸ್ತಿಲ ಮೇಲೆ ಕಾಲಿಟ್ಟು ಹಿಂದೆಗೆದು ಮತ್ತೆ ಇಟ್ಟು ಒಳಗೆ ಬಂದು ನನ್ನೆದುರು ಕುಕ್ಕರಗಾಲಲ್ಲಿ ಕೂತು ಎರಡೂ ಅಂಗೈ ನನ್ನ ಮೂಗಿನ ಹತ್ತಿರ ಹಿಡಿದ, ವಾಸ್ನೆ ಐತಾ ನೋಡು, ಅಂದ. ಬರೀ ನೀರು, ಬ್ಲೀಚಿಂಗು, ಮತ್ತೇನೂ ಇಲ್ಲ, ಇಲ್ಲ ಅಂತ ಹೇಳಬೇಕು, ನೀನೂ ಹುಳ ಆಯಿ ಅಂತ ಹೇಳಬೇಕು, ಆದರೆ ನನ್ನ ಬಲಗೈಯ ಮೇಲೆ ಇಳಿಯದೆ ಉಳಿದ ಹುಳವೊಂದಿದೆ, ಹೆಬ್ಬೆರಳಿಗೂ ತೋರುಬೆರಳಿಗೂ ನಡುವೆ, ಎಂದೂ ಮುಚ್ಚದ ಆ ಸಂದಿನಲ್ಲಿ, ಅಲುಗಬಾರದು, ಯಾರೂ ಅಲುಗಬಾರದು, ಅದು ತಲೆ ಎತ್ತಿದೆ, ಈ ಗೆಣ್ಣಿಗೆ ಬಾಯಿ ಇಟ್ಟಿತು, ತಲೆ ಎತ್ತಿತು, ಆ ಗೆಣ್ಣಿಗೆ ಇಟ್ಟಿತು, ನಡುವೆ ಒಂದು ಎಳೆ.